ಗಸಗಸೆ ಬಿಟ್ಟು

ಗಾಂಧಿಬಜಾರಿನ ಹಿಂದಿನ ಅಡ್ಡರಸ್ತೆಯಲ್ಲಿ
ಶೆಟ್ಟರ ಕುರುಕಲಂಗಡಿ. ನಾನು ಪ್ಯಾಕಿಂಗಿನವಳು.
ಗಾಳಿ ಹೀರುವ ಮೆಷೀನು ಬಂದು ಒಂಬತ್ತು ವರ್ಷ.
ಅದರ ಬಾಯಿಗೆ ಕವರು ಕೊಟ್ಟರೆ
ಚಟ್ನಿಪುಡಿ ಇಟ್ಟಿಗೆಯಾಗುತ್ತದೆ,
ಹಪ್ಪಳ ಉಸಿರು ಬಿಗಿಹಿಡಿದು ಕೂರುತ್ತದೆ.

ನಾನು ವಿಮಾನ ಹತ್ತಿದವಳಲ್ಲ.
ದೇವನಹಳ್ಳಿ ದಾರಿಯಲ್ಲಿ ಒಮ್ಮೆ, ನಾದಿನಿಯ ಮದುವೆಗೆ ಹೋಗುವಾಗ
ಅದರ ಹೊಟ್ಟೆ ನೋಡಿದ್ದೇನೆ, ತಲೆ ಮೇಲೇ ಹಾದುಹೋಯಿತು.
ಆದರೂ ಯಾವ ದೇಶದ ಬಾಗಿಲಲ್ಲಿ ಏನು ತಡೆಯುತ್ತಾರೆ
ನಿದ್ದೆಯಲ್ಲಿ ಎಬ್ಬಿಸಿ ಕೇಳಿ, ಹೇಳುತ್ತೇನೆ:
ಆಸ್ಟ್ರೇಲಿಯಾಕ್ಕೆ ಮೆಂತ್ಯದ ಕಾಳನ್ನೂ ಬರೆದು ಒಪ್ಪಿಸಬೇಕು.
ಲಂಡನ್ನಿಗೆ ಹಾಲಿನ ಪೇಡ ಬೇಡ.
ಹಸಿ ಕರಿಬೇವು ಅಮೆರಿಕಕ್ಕೆ ಬೇಡವೇ ಬೇಡ.
ಉಪ್ಪಿನಕಾಯಿ ಕೈಚೀಲದಲ್ಲಿದ್ದರೆ ದ್ರವ,
ಎಲೆಯ ತುದಿಯಲ್ಲಿದ್ದರೆ ಉಪ್ಪಿನಕಾಯಿ.
ಕೊಬ್ಬರಿ ಬಟ್ಟಲಿಗೆ ಬೆಂಕಿಯ ಗುಣವಂತೆ, ಇಲ್ಲೇ ತೆಗೆಸುತ್ತಾರೆ.
ತಲೆ ತಂಪು ಮಾಡುವ ಎಣ್ಣೆಯ ತಾಯಿಗೆ
ಇಷ್ಟು ಸಿಟ್ಟಿದೆಯೆಂದು ನನಗೆ ಗೊತ್ತಿರಲಿಲ್ಲ.

ಆಷಾಢದ ಒಂದು ಮಧ್ಯಾಹ್ನ ಬಂದಳು ದಾಕ್ಷಾಯಿಣಿ,
ಕತ್ರಿಗುಪ್ಪೆಯವಳು, ಸ್ಟೀಲ್ ಡಬ್ಬಿ ಎದೆಗವಚಿಕೊಂಡು.
ತಂಗಿ ಅಬುಧಾಬಿಯಲ್ಲಿ ಹೆತ್ತು ಹನ್ನೊಂದು ದಿನ.
ಡಬ್ಬಿಯಲ್ಲಿ ಇಪ್ಪತ್ತೊಂದು ಅಂಟಿನುಂಡೆ.
ರಾತ್ರಿ ಮೂರೂವರೆಗೆ ಫ್ಲೈಟು.
ಒಂದನ್ನು ಮುರಿದು ಬೆಳಕಿಗೆ ಹಿಡಿದೆ.
ಬೆಲ್ಲದ ನಡುವೆ ಬಿಳಿ ಚುಕ್ಕಿ, ಇರುವೆಯ ಮೊಟ್ಟೆಗಿಂತ ಸಣ್ಣವು.
"ಗಸಗಸೆ ಹಾಕಿದ್ದೀಯ?"
"ಹಾಕದೆ? ಬಾಣಂತಿಗೆ ಸೊಂಟ ನಿಲ್ಲಬೇಡವಾ?"

ಹೇಗೆ ಹೇಳಲಿ. ನಮ್ಮ ಪಾಯಸ ಅಲ್ಲಿ ಅಫೀಮು.
ಹಬ್ಬದ ದಿನ ಉಂಡು, ಚಾಪೆಯ ಮೇಲೆ ಕಾಲು ಚಾಚುವ ಆ ನಿದ್ದೆಗೆ
ಅಲ್ಲಿ ಕೋರ್ಟು, ಬೀಗ, ಭಾಷೆ ಬಾರದ ಕಾಗದ.
ಹೇಳಿದೆ. ನಂಬಲಿಲ್ಲ.
"ಯಾರಿಗೂ ಗೊತ್ತಾಗದ ಹಾಗೆ ಕಟ್ಟಿಕೊಡಿ,
ನಿಮ್ಮ ಮೆಷೀನಿಗೆ ಎಲ್ಲ ಸಾಧ್ಯವಂತಲ್ಲ."

ನಮ್ಮಜ್ಜಿ ನೆನಪಾದಳು.
ಜಿಲ್ಲೆಯಿಂದ ಜಿಲ್ಲೆಗೆ ಅಕ್ಕಿ ದಾಟಬಾರದಿದ್ದ ಕಾಲ.
ಮದ್ದೂರಿನಲ್ಲಿ ರೈಲು ಹತ್ತುತ್ತಿದ್ದಳಂತೆ
ನಾಲ್ಕು ಸೇರು ಸಣ್ಣಕ್ಕಿ ಸೀರೆಯೊಳಗೆ ಹೊಟ್ಟೆಗೆ ಕಟ್ಟಿ,
ಏಳು ತಿಂಗಳ ಬಸುರಿಯಾಗಿ.
ಕೆಂಗೇರಿ ಹತ್ತಿರ ಒಬ್ಬ ಪೇದೆ, ಕೂರಲು ಜಾಗ ಬಿಟ್ಟುಕೊಟ್ಟು,
"ಎಷ್ಟನೇದಮ್ಮಾ?" ಅಂದನಂತೆ.
"ಈ ವಾರದಲ್ಲಿ ಎರಡನೇದು,"
ಬಾಯಿ ತಪ್ಪಿತ್ತು.
ಅವನು ಮೀಸೆಯಲ್ಲೇ ನಕ್ಕು
ಕಿಟಕಿಯಾಚೆ ಏನೋ ಇದ್ದ ಹಾಗೆ ತಿರುಗಿ ಕೂತನಂತೆ.

ಆ ಪೇದೆಯನ್ನು ಈಗ ಎಲ್ಲಿಂದ ತರಲಿ?
ಈಗಿರುವುದು ಉರುಳುವ ಕಪ್ಪು ಪಟ್ಟಿ,
ಎಲ್ಲ ಕಂಡೂ ಏನೂ ಕೇಳದ ಪರದೆ.
ಆಮೇಲೆ ಒಂದು ನಾಯಿ,
ಅದು ಯಾವ ಬಾಣಂತಿಯನ್ನೂ ಕಂಡದ್ದಲ್ಲ.

"ಆಗಲ್ಲ ಕಣೇ," ಅಂದೆ.
ಅಳುತ್ತಾಳೆಂದುಕೊಂಡೆ, ಬೈದಳು.
ಬೈದು ಮುಗಿಸಿ, ಸೆರಗು ಸಿಕ್ಕಿಸಿ, "ಒಲೆ ಎಲ್ಲಿದೆ?" ಅಂದಳು.
ಶೆಟ್ಟರು ಕೇಳಿಸದ ಹಾಗೆ ಲೆಕ್ಕ ಬರೆಯುತ್ತಿದ್ದರು.

ಹಿಂದಿನ ಕೋಣೆಯಲ್ಲಿ ತುಪ್ಪಕ್ಕೆ ಅಂಟು ಬಿದ್ದು ಅರಳಿತು.
ಅವಳು ಉತ್ತತ್ತಿ ಬೀಜ ತೆಗೆದಳು, ನಾನು ಕುಟ್ಟಿದೆ.
ಕೊಬ್ಬರಿಯೂ ಅನುಮಾನವೆಂದು ಒಂದೇ ಚಿಟಿಕೆ ಹಾಕಿದೆವು.
ದೀಪ ಹಚ್ಚುವ ಹೊತ್ತಿಗೆ ಹದಿನೇಳು ಉಂಡೆ.
ಮೆಷೀನು ಹೀರಿದಾಗ ಒಂದಕ್ಕೊಂದು ಒತ್ತಿ
ದುಂಡಗಿದ್ದವಕ್ಕೆ ಮೂಲೆ ಬಂತು.
ಚೀಟಿಯ ಮೇಲೆ ಏನೇನಿದೆಯೆಂದು ಬರೆದೆ.
ಏನಿಲ್ಲವೆಂದು ಬರೆಯಲು ಜಾಗವಿರಲಿಲ್ಲ.
ದುಡ್ಡು ಕೊಡುವಾಗ ಅವಳು ಚೌಕಾಸಿ ಮಾಡಿದಳು, ಪುಣ್ಯಾತ್ಗಿತ್ತಿ.

ಹಳೇ ಡಬ್ಬಿ ನನ್ನ ಪಾಲಿಗೆ ಉಳಿಯಿತು.
ರಾತ್ರಿ ಮೂರೂವರೆಗೆ ತಾನಾಗಿ ಎಚ್ಚರ.
ಕತ್ತಲಲ್ಲೇ ಮುಚ್ಚಳ ತೆಗೆದು
ಮುರಿದಿದ್ದ ಆ ಉಂಡೆಯನ್ನು ತಿಂದೆ,
ಹೆತ್ತು ಮೂವತ್ತು ವರ್ಷವಾದ ಸೊಂಟವನ್ನು ಗೋಡೆಗೆ ಕೊಟ್ಟು.
ಹಲ್ಲಿನ ಸಂದಿಯಲ್ಲಿ ಒಂದು ಕಾಳು ಚಟಕ್ಕೆಂದಿತು.
ಅವಳು ಈಗ ಸಾಲಿನಲ್ಲಿರಬೇಕು, ಚಪ್ಪಲಿ ಬಿಚ್ಚುತ್ತ,
ಅಂದುಕೊಳ್ಳುತ್ತಿದ್ದಂತೆ
ಹಾಗೇ ನಿದ್ದೆ ಹತ್ತಿತು. ಗಸಗಸೆಯೇ ಇರಬೇಕು.